ಹೃದಯದ ಹಿತ್ತಿಲು: ಮುಂದಿನಿಂದ ಕಾಣದ ಭಾಗದಲ್ಲಿ ಏನಿದೆ, ಅದು ಕೆಟ್ಟರೆ ಏನಾಗುತ್ತದೆ

ಮೂವರು ರೋಗಿಗಳ ಕೈಯಲ್ಲಿ ಮೂರು ಕಾಗದಗಳಿವೆ ಎಂದುಕೊಳ್ಳಿ. ಒಂದರಲ್ಲಿ ‘ಪೋಸ್ಟೀರಿಯರ್ ವಾಲ್ ಎಂಐ’, ಅಂದರೆ ಹಿಂಗೋಡೆಯ ಹೃದಯಾಘಾತ ಎಂದಿದೆ. ಇನ್ನೊಂದರಲ್ಲಿ ‘ಎಲ್‌ಎ ಡೈಲೇಟೆಡ್, ಟಿಇಇ ಮಾಡಿಸಿ’ ಎಂದು ಬರೆದಿದ್ದಾರೆ, ಅಂದರೆ ಹೃದಯದ ಎಡ ಮೇಲ್ಕೋಣೆ ಹಿಗ್ಗಿದೆ, ಅನ್ನನಾಳದೊಳಗಿಂದ ಎಕೋ ಪರೀಕ್ಷೆ ಮಾಡಿಸಿ ಎಂದು. ಮೂರನೆಯದು, ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ಅಬ್ಲೇಶನ್ (ಹೃದಯದೊಳಗೆ ಗಾಯದ ಗೆರೆ ಹಾಕಿ ಬಡಿತ ಸರಿಪಡಿಸುವ ಚಿಕಿತ್ಸೆ) ಮಾಡಿಸಿಕೊಂಡವರ ಡಿಸ್ಚಾರ್ಜ್ ಸಮ್ಮರಿ. ಅದರ ಕೊನೆಯಲ್ಲಿ ‘ಎರಡು ತಿಂಗಳೊಳಗೆ ಜ್ವರ ಬಂದರೆ ಅಥವಾ ನುಂಗಲು ಕಷ್ಟವಾದರೆ ಕೂಡಲೇ ತಿಳಿಸಿ’ ಎಂಬ ಸಾಲು. ಹೃದಯದ ಚಿಕಿತ್ಸೆಗೂ ನುಂಗುವುದಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ಯಾರಿಗಾದರೂ ಅನಿಸುತ್ತದೆ.

ಮೂರೂ ಕಾಗದಗಳು ಹೇಳುತ್ತಿರುವುದು ಅಂಗೈಯಗಲದ ಒಂದೇ ಜಾಗದ ಬಗ್ಗೆ: ಹೃದಯದ ಹಿಂಬದಿ. ಇಸಿಜಿಯ ಪಟ್ಟಿಗಳನ್ನು ಅಂಟಿಸುವುದು ಎದೆಯ ಮುಂದೆ, ಸ್ಟೆತಾಸ್ಕೋಪ್ ಇಡುವುದು ಮುಂದೆ, ಎಕೋ ಮಾಡುವವರು ಜೆಲ್ ಹಚ್ಚುವುದೂ ಮುಂದೆ. ಹಿಂದಿನ ಗೋಡೆ ಇವುಗಳಿಗೆಲ್ಲ ದೂರ. ಅಲ್ಲಿ ಆಗುವ ತೊಂದರೆ ಎಷ್ಟೋ ಸಲ ನೇರವಾಗಿ ತೋರದೆ, ಪಕ್ಕದ ಅಂಗದ ದೂರಾಗಿ ಹೊರಬರುತ್ತದೆ. ಆ ದೂರುಗಳು ಅರ್ಥವಾಗಬೇಕಾದರೆ ಮೊದಲು ಅಲ್ಲಿ ಏನೇನಿದೆ ಎಂದು ನೋಡಬೇಕು.

## ಉರುಳಿಬಿದ್ದ ಬುಗುರಿ

ಗೋಡೆಯ ಚಿತ್ರಪಟಗಳಲ್ಲಿ ಹೃದಯವನ್ನು ನೆಟ್ಟಗೆ ನಿಲ್ಲಿಸಿ ಬರೆದಿರುತ್ತಾರೆ: ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಎದೆಯೊಳಗೆ ಅದು ಹಾಗೆ ನಿಂತಿಲ್ಲ. ಪಕ್ಕಕ್ಕೆ ವಾಲಿಬಿದ್ದ ಬುಗುರಿಯನ್ನು ನೆನೆಸಿಕೊಳ್ಳಿ. ಮೊಳೆ ಇರುವ ಚೂಪು ತುದಿ ಮುಂದಕ್ಕೆ, ಎಡಕ್ಕೆ, ಕೆಳಕ್ಕೆ ಚಾಚಿದೆ. ಅಗಲವಾದ ತಲೆ ಹಿಂದಕ್ಕೆ, ಬಲಕ್ಕೆ, ತುಸು ಮೇಲಕ್ಕೆ ತಿರುಗಿ ಬೆನ್ನುಮೂಳೆಯ ಕಡೆ ಮುಖ ಮಾಡಿದೆ. ಈ ಅಗಲ ಭಾಗಕ್ಕೆ ಅಂಗರಚನಾಶಾಸ್ತ್ರದಲ್ಲಿ ‘ಬೇಸ್’, ಅಂದರೆ ಬುಡ ಎಂದು ಹೆಸರು. ಬುಡ ಎಂದ ಕೂಡಲೇ ಕೆಳಗಿರುವುದು ಎಂದು ಎಲ್ಲರೂ ತಿಳಿಯುತ್ತಾರೆ, ವೈದ್ಯಕೀಯ ವಿದ್ಯಾರ್ಥಿಗಳೂ ಮೊದಲ ವರ್ಷ ಇಲ್ಲೇ ಎಡವುತ್ತಾರೆ. ಇದಕ್ಕಿಂತ ದಾರಿ ತಪ್ಪಿಸುವ ಹೆಸರು ಹೃದಯದಲ್ಲಿ ಇನ್ನೊಂದಿಲ್ಲ.

ಹೃದಯದ ನಾಲ್ಕು ಕೋಣೆಗಳಲ್ಲಿ ರಕ್ತವನ್ನು ಬರಮಾಡಿಕೊಳ್ಳುವ ಎರಡಕ್ಕೆ ಹೃತ್ಕರ್ಣ ಎಂದೂ ಹೊರಕ್ಕೆ ತಳ್ಳುವ ಎರಡಕ್ಕೆ ಹೃತ್ಕುಕ್ಷಿ ಎಂದೂ ಹೆಸರು. ಹಿಂಬದಿಯ ಬಹುಪಾಲು ಎಡ ಹೃತ್ಕರ್ಣವೇ. ಬಲ ಅಂಚಿನಲ್ಲಿ ಬಲ ಹೃತ್ಕರ್ಣದ ಒಂದು ಪಟ್ಟಿಯಷ್ಟು ಕಾಣುತ್ತದೆ. ಎಡ ಹೃತ್ಕರ್ಣ ಹೆಸರಿಗೆ ಎಡದ್ದಾದರೂ ಇರುವುದು ಎಲ್ಲಕ್ಕಿಂತ ಹಿಂದೆ, ಹೆಚ್ಚುಕಡಿಮೆ ನಡುಮಧ್ಯದಲ್ಲಿ.

ಮಲಗಿದಾಗ ಈ ಭಾಗ ಎದೆಯ 5ರಿಂದ 8ನೇ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಎದುರಿಗೆ ಬರುತ್ತದೆ. ಎದ್ದು ನಿಂತರೆ ಸುಮಾರು ಒಂದು ಕಶೇರುವಿನಷ್ಟು ಕೆಳಗಿಳಿಯುತ್ತದೆ. ಹೆಗಲೆಲುಬಿನ ಕೆಳತುದಿ 7ನೇ ಕಶೇರುವಿನ ಮಟ್ಟಕ್ಕಿದೆ. ಹಾಗಾಗಿ ಬೆನ್ನಿನ ಮೇಲೆ ಗುರುತು ಹಾಕಬೇಕೆಂದರೆ, ಎರಡು ಹೆಗಲೆಲುಬುಗಳ ನಡುವಿನ ಜಾಗದ ಕೆಳ ಅರ್ಧ.

ಇದರ ಕೆಳಗೆ ಇನ್ನೊಂದು ಮೈ ಇದೆ, ವಪೆಯ ಮೇಲೆ ಚಪ್ಪಟೆಯಾಗಿ ಕೂತ ಮೈ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಎಡ ಹೃತ್ಕುಕ್ಷಿ, ಉಳಿದದ್ದು ಬಲ ಹೃತ್ಕುಕ್ಷಿ. ಶುದ್ಧ ಅಂಗರಚನೆಯ ಲೆಕ್ಕದಲ್ಲಿ ಇದು ಹೃದಯದ ಅಡಿ, ಹಿಂಬದಿ ಅಲ್ಲ. ಆದರೆ ಎರಡೂ ಮೈಗಳು ಕೂಡುವ ಕಡೆ ಎಡ ಹೃತ್ಕುಕ್ಷಿಯ ಒಂದು ಭಾಗ ಹಿಂದಕ್ಕೆ ತಿರುಗಿರುತ್ತದೆ. ಹೃದಯಾಘಾತದ ರಿಪೋರ್ಟಿನಲ್ಲಿ ‘ಪೋಸ್ಟೀರಿಯರ್ ವಾಲ್’ ಎಂದು ಬರುವುದು ಈ ತಿರುವಿನ ಹೆಸರು. ಹಿಂಬದಿಯ ಹೃತ್ಕರ್ಣ, ಹಿಂಬದಿಯ ಹೃತ್ಕುಕ್ಷಿ ಎರಡೂ ಬೇರೆ ಬೇರೆ; ಅವುಗಳ ಕಾಯಿಲೆಗಳೂ ಬೇರೆ.

## ಹಿತ್ತಿಲಲ್ಲಿ ಏನೇನಿದೆ

ಶ್ವಾಸಕೋಶಗಳಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ನಾಲ್ಕು ಅಭಿಧಮನಿಗಳ ಮೂಲಕ ಎಡ ಹೃತ್ಕರ್ಣಕ್ಕೆ ಬಂದು ಬೀಳುತ್ತದೆ, ಬಲಗಡೆಯಿಂದ ಎರಡು, ಎಡಗಡೆಯಿಂದ ಎರಡು. ಎಲ್ಲರಲ್ಲೂ ನಾಲ್ಕೇ ಇರಬೇಕೆಂದಿಲ್ಲ. ಕೆಲವರಲ್ಲಿ ಎಡಗಡೆಯ ಎರಡೂ ಸೇರಿ ಒಂದೇ ಬಾಯಾಗಿರುತ್ತದೆ, ಕೆಲವರಲ್ಲಿ ಬಲಗಡೆ ಮೂರು ಇರುತ್ತವೆ. ಈ ಬಾಯಿಗಳಿಗೆ ಕವಾಟ ಇಲ್ಲ. ಆದ್ದರಿಂದ ಎಡ ಹೃತ್ಕರ್ಣದಲ್ಲಿ ಒತ್ತಡ ಏರಿದರೆ ಅದು ತಡೆಯಿಲ್ಲದೆ ಶ್ವಾಸಕೋಶಕ್ಕೆ ಹಿಂದಿರುಗುತ್ತದೆ. ಹೃದಯ ಸೋತವರಿಗೆ ಮಲಗಿದರೆ ಉಸಿರು ಕಟ್ಟಲು ಇದೇ ಕಾರಣ.

ಎಡ ಹೃತ್ಕರ್ಣದ ಹಿಂದಿನ ಗೋಡೆ ನುಣುಪಾಗಿದೆ. ಗರ್ಭದಲ್ಲಿ ಹೃದಯ ರೂಪುಗೊಳ್ಳುವಾಗ ಶ್ವಾಸಕೋಶದ ಅಭಿಧಮನಿಗಳ ಬುಡವೇ ಹಿಗ್ಗಿ ಈ ಗೋಡೆಯಾಗುತ್ತದೆ. ಅದರ ಗುರುತಾಗಿ ಹೃದಯದ ಸ್ನಾಯು ಅಂಗಿಯ ತೋಳಿನಂತೆ ಆ ಅಭಿಧಮನಿಗಳ ಮೇಲೆ ಒಂದೆರಡು ಸೆಂಟಿಮೀಟರ್ ಚಾಚಿಕೊಂಡಿರುತ್ತದೆ. ಈ ‘ತೋಳು’ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಗೋಡೆಯ ದಪ್ಪ ಬರೀ 2 ಮಿಲಿಮೀಟರ್ ಆಸುಪಾಸು.

ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ತೋಡಿನಲ್ಲಿ ಹಿಂದುಗಡೆ ಒಂದು ದಪ್ಪ ಅಭಿಧಮನಿ ಅಡ್ಡಡ್ಡಲಾಗಿ ಮಲಗಿದೆ: ಕರೊನರಿ ಸೈನಸ್. ಹೃದಯದ ಸ್ನಾಯು ಬಳಸಿ ಬಿಟ್ಟ ರಕ್ತದ ಬಹುಪಾಲು ಇದರಲ್ಲಿ ಕೂಡಿ ಬಲ ಹೃತ್ಕರ್ಣಕ್ಕೆ ಸುರಿಯುತ್ತದೆ. ಈ ಅಡ್ಡ ತೋಡು ಮತ್ತು ಎಡ-ಬಲ ಕೋಣೆಗಳನ್ನು ಬೇರ್ಪಡಿಸುವ ಉದ್ದ ತೋಡು ಒಂದನ್ನೊಂದು ಕತ್ತರಿಸುವ ಚೌಕಕ್ಕೆ ‘ಕ್ರಕ್ಸ್’, ಅಂದರೆ ಶಿಲುಬೆ ಎಂದು ಹೆಸರು.

ಇಡೀ ಹೃದಯವನ್ನು ಹೃದಯಾವರಣ ಎಂಬ ಎರಡು ಪದರದ ಚೀಲ ಸುತ್ತಿಕೊಂಡಿದೆ. ಒಳಪದರ ರಕ್ತನಾಳಗಳ ಸುತ್ತ ತಿರುಗಿ ಹೊರಪದರವಾಗುವ ಕಡೆಗಳಲ್ಲಿ ಮಡಿಕೆಗಳು ಉಳಿಯುತ್ತವೆ. ಎಡ ಹೃತ್ಕರ್ಣದ ಹಿಂದೆ, ಅಭಿಧಮನಿಗಳ ನಡುವೆ, ಮೇಲ್ಗಡೆ ಮುಚ್ಚಿಕೊಂಡ ಒಂದು ಜೇಬು ಇದೆ. ಇದು ಓರೆ ಜೇಬು, ವೈದ್ಯರ ಮಾತಿನಲ್ಲಿ ಆಬ್ಲೀಕ್ ಸೈನಸ್. ಶಸ್ತ್ರಚಿಕಿತ್ಸಕರು ಹೃದಯದ ಕೆಳಗಿನಿಂದ ಕೈ ಹಾಕಿ ಮೇಲಕ್ಕೆ ಸರಿಸಿದರೆ ಬೆರಳು ಇಲ್ಲಿ ಬಂದು ನಿಲ್ಲುತ್ತದೆ. ಇದರ ಮೇಲೆ, ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳ ಹಿಂದೆ, ಆರಪಾರವಾಗಿ ಬೆರಳು ತೂರುವ ಇನ್ನೊಂದು ಸಂದು ಇದೆ. ಆ ಎರಡು ದೊಡ್ಡ ನಾಳಗಳನ್ನು ಸುತ್ತುವರಿದು ಹಿಡಿಯಲು ಶಸ್ತ್ರಚಿಕಿತ್ಸಕರಿಗೆ ಇದೇ ದಾರಿ.

## ನೆರೆಯವರ ದೂರುಗಳು

ಎಡ ಹೃತ್ಕರ್ಣದ ಬೆನ್ನಿಗೆ ಅಂಟಿಕೊಂಡಂತೆ ಅನ್ನನಾಳ ಇಳಿಯುತ್ತದೆ. ಎರಡರ ನಡುವೆ ಇರುವುದು ಹೃದಯಾವರಣ, ಒಂದಿಷ್ಟು ಕೊಬ್ಬು ಅಷ್ಟೆ. ಅನೇಕರಲ್ಲಿ ಈ ಅಂತರ 5 ಮಿಲಿಮೀಟರಿಗಿಂತಲೂ ಕಡಿಮೆ. ಅನ್ನನಾಳದ ಹಿಂದೆ, ತುಸು ಎಡಕ್ಕೆ, ಇಳಿಯುವ ಮಹಾಪಧಮನಿ. ಅದರಾಚೆ ಬೆನ್ನುಮೂಳೆ. ಹೃತ್ಕರ್ಣದ ತಲೆಯ ಮೇಲೆ ಶ್ವಾಸನಾಳ ಎರಡು ಕವಲಾಗುವ ಜಾಗ ಮತ್ತು ಎಡ ಕವಲು. ಇಷ್ಟು ಒತ್ತೊತ್ತಾದ ಕೇರಿಯಲ್ಲಿ ಒಂದು ಮನೆ ಹಿಗ್ಗಿದರೆ ಪಕ್ಕದವರು ಸುಮ್ಮನಿರಲು ಆಗುವುದಿಲ್ಲ.

ಹಿಗ್ಗುವುದು ಸಾಮಾನ್ಯವಾಗಿ ಮೈಟ್ರಲ್ ಕವಾಟ ಕೆಟ್ಟಾಗ. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಬಾಗಿಲು ಅದು. ಕಿರಿದಾದರೆ ರಕ್ತ ಮುಂದೆ ಸಾಗದೆ ನಿಲ್ಲುತ್ತದೆ, ಸೋರಿದರೆ ರಕ್ತ ಹಿಂದಕ್ಕೆ ಚಿಮ್ಮುತ್ತದೆ. ಎರಡರಲ್ಲೂ ತೆಳು ಗೋಡೆಯ ಹೃತ್ಕರ್ಣ ವರ್ಷಗಟ್ಟಲೆ ನಿಧಾನಕ್ಕೆ ಉಬ್ಬುತ್ತದೆ. ದೀರ್ಘಕಾಲದ ರಕ್ತದೊತ್ತಡ ಮತ್ತು ಏಟ್ರಿಯಲ್ ಫಿಬ್ರಿಲೇಶನ್ ಕೂಡ ಇದೇ ಕೆಲಸ ಮಾಡುತ್ತವೆ.

ಬಹಳ ಉಬ್ಬಿದ ಹೃತ್ಕರ್ಣ ಅನ್ನನಾಳವನ್ನು ಹಿಂದಕ್ಕೆ ಒತ್ತುತ್ತದೆ. ಗಟ್ಟಿ ಆಹಾರ ಎದೆಯ ನಡುವೆ ಸಿಕ್ಕಿಕೊಂಡಂತೆ ಆಗುತ್ತದೆ. ಎಕೋ ಬರುವ ಮುಂಚೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದು, ಅನ್ನನಾಳದ ಮೇಲೆ ಬಿದ್ದ ಗುಳಿಯಿಂದಲೇ ಹೃತ್ಕರ್ಣದ ಗಾತ್ರ ಊಹಿಸುತ್ತಿದ್ದರು.

ಧ್ವನಿ ಒಡೆಯುವುದು ಇನ್ನೂ ವಿಚಿತ್ರ. ಗಂಟಲಿನ ಧ್ವನಿತಂತುವನ್ನು ಆಡಿಸುವ ಎಡಗಡೆಯ ನರ ನೇರವಾಗಿ ಗಂಟಲಿಗೆ ಹೋಗುವುದಿಲ್ಲ. ಎದೆಗೆ ಇಳಿದು, ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತು ಹಾಕಿ ಮತ್ತೆ ಮೇಲೇರುತ್ತದೆ. ಮೈಟ್ರಲ್ ಕವಾಟ ಕಿರಿದಾದ ರೋಗಿಗಳಲ್ಲಿ ಧ್ವನಿ ಕಟ್ಟಿರುವುದನ್ನು 1897ರಲ್ಲಿ ನಾರ್ಬರ್ಟ್ ಆರ್ಟ್ನರ್ ಎಂಬ ವೈದ್ಯ ದಾಖಲಿಸಿದರು. ಹಿಗ್ಗಿದ ಹೃತ್ಕರ್ಣವೇ ನರವನ್ನು ಅಮುಕುತ್ತದೆ ಎಂದು ಆಗ ತಿಳಿದಿದ್ದರು. ಹಿಂದಕ್ಕೆ ತಳ್ಳಿದ ಒತ್ತಡದಿಂದ ಹಿಗ್ಗುವ ಶ್ವಾಸಕೋಶದ ಅಪಧಮನಿ ಮತ್ತು ಮಹಾಪಧಮನಿಗಳ ನಡುವೆ ನರ ಸಿಕ್ಕಿಕೊಳ್ಳುವುದೇ ಹೆಚ್ಚು ಸಂಭವ ಎಂಬುದು ಈಗಿನ ತಿಳಿವಳಿಕೆ. ಹೇಗಿದ್ದರೂ, ವಾರಗಟ್ಟಲೆ ಧ್ವನಿ ಒಡೆದೇ ಇದ್ದರೆ ಗಂಟಲು ನೋಡುವ ವೈದ್ಯರು ಎದೆಯ ಎಕ್ಸ್‌ರೇಯನ್ನೂ ಕೇಳುವುದು ಸುಮ್ಮನೆ ಅಲ್ಲ.

ಆ ಎಕ್ಸ್‌ರೇಯಲ್ಲೂ ಸುಳಿವು ಸಿಗುತ್ತದೆ. ಹೃದಯದ ಬಲ ಅಂಚಿನ ಒಳಗೆ ಇನ್ನೊಂದು ಅಂಚು, ನೆರಳಿನೊಳಗೊಂದು ನೆರಳಿನಂತೆ ಕಾಣುತ್ತದೆ. ಅದು ಹಿಂದಿನಿಂದ ಬಲಕ್ಕೆ ಉಬ್ಬಿ ಬಂದ ಎಡ ಹೃತ್ಕರ್ಣ. ಶ್ವಾಸನಾಳದ ಕವಲಿನ ಕೋನವೂ ಅಗಲವಾಗುತ್ತದೆ. 90 ಡಿಗ್ರಿ ದಾಟಿದರೆ ಕೆಳಗಿನಿಂದ ಏನೋ ಎತ್ತುತ್ತಿದೆ ಎಂದೇ ಅರ್ಥ.

## ಅನ್ನನಾಳದ ಕಿಟಕಿ

ಎಕೋ ಯಂತ್ರ ಬಳಸುವ ಶಬ್ದತರಂಗಕ್ಕೆ ಇಬ್ಬರು ವೈರಿಗಳು: ಗಾಳಿ ಮತ್ತು ಮೂಳೆ. ಎದೆಯ ಮುಂದೆ ಎರಡೂ ಇವೆ. ಪಕ್ಕೆಲುಬಿನ ಸಂದಿನಿಂದ ಹೊರಟ ತರಂಗ ಇಡೀ ಹೃದಯವನ್ನು ದಾಟಿ ಹಿಂದಿನ ಗೋಡೆ ಮುಟ್ಟುವಷ್ಟರಲ್ಲಿ ಮಸುಕಾಗಿರುತ್ತದೆ. ಅದೇ ತರಂಗವನ್ನು ಅನ್ನನಾಳದೊಳಗಿಂದ ಬಿಟ್ಟರೆ ಎಡ ಹೃತ್ಕರ್ಣ ಕೆಲವೇ ಮಿಲಿಮೀಟರ್ ದೂರದಲ್ಲಿದೆ. ಹತ್ತಿರ ಇರುವುದರಿಂದ ಹೆಚ್ಚು ಕಂಪನಾಂಕದ, ಅಂದರೆ ಹೆಚ್ಚು ಸ್ಪಷ್ಟ ಚಿತ್ರ ಕೊಡುವ ತರಂಗವನ್ನೇ ಬಳಸಬಹುದು. ಟಿಇಇ ಎಂಬ ಮೂರಕ್ಷರದ ತಿರುಳು ಇಷ್ಟೇ.

ಮುಖ್ಯವಾಗಿ ಹುಡುಕುವುದು ಹೆಪ್ಪುಗಟ್ಟಿದ ರಕ್ತವನ್ನು. ಎಡ ಹೃತ್ಕರ್ಣದ ಒಂದು ಮೂಲೆಯಲ್ಲಿ ಕಿವಿಯಾಕಾರದ ಪುಟ್ಟ ಚೀಲವಿದೆ. ಫಿಬ್ರಿಲೇಶನ್‌ನಲ್ಲಿ ಹೃತ್ಕರ್ಣ ಸಂಕುಚಿಸದೆ ಬರೀ ನಡುಗುವಾಗ ಈ ಚೀಲದಲ್ಲಿ ರಕ್ತ ನಿಂತ ನೀರಾಗುತ್ತದೆ. ಕವಾಟದ ಕಾಯಿಲೆ ಇಲ್ಲದವರಲ್ಲಿ ಎಡ ಹೃತ್ಕರ್ಣದ ಹೆಪ್ಪುಗಳಲ್ಲಿ ಸುಮಾರು 90% ಸಿಗುವುದು ಇಲ್ಲೇ. ಮಾಮೂಲಿ ಎಕೋದಲ್ಲಿ ಈ ಮೂಲೆ ಸರಿಯಾಗಿ ಕಾಣುವುದಿಲ್ಲ. ಬಡಿತ ಸರಿಪಡಿಸಲು ವಿದ್ಯುತ್ ಶಾಕ್ ಕೊಡುವ ಮುನ್ನ ಒಂದೋ ಮೂರು ವಾರ ರಕ್ತ ತೆಳುಮಾಡುವ ಮಾತ್ರೆ ಕೊಡುತ್ತಾರೆ, ಇಲ್ಲವೇ ಟಿಇಇ ಮಾಡಿ ಹೆಪ್ಪು ಇಲ್ಲವೆಂದು ಖಾತರಿ ಮಾಡಿಕೊಳ್ಳುತ್ತಾರೆ. ಹೆಪ್ಪು ಇದ್ದಾಗ ಶಾಕ್ ಕೊಟ್ಟರೆ ಮರಳಿ ಸಂಕುಚಿಸತೊಡಗಿದ ಹೃತ್ಕರ್ಣ ಅದನ್ನು ಮಿದುಳಿಗೆ ತಳ್ಳಬಹುದು.

ಪರೀಕ್ಷೆ ನಡೆಯುವುದು ಹೀಗೆ. ಕನಿಷ್ಠ 6 ಗಂಟೆ ಏನೂ ತಿಂದಿರಬಾರದು. ಕಟ್ಟಿಸಿದ ಹಲ್ಲು ತೆಗೆದಿಡಬೇಕು. ಗಂಟಲಿಗೆ ಲಿಗ್ನೋಕೇನ್ ಸಿಂಪಡಿಸಿ ಮರಗಟ್ಟಿಸುತ್ತಾರೆ, ಮಂಪರು ಬರುವ ಚುಚ್ಚುಮದ್ದು ಕೊಡುತ್ತಾರೆ. ಎಡಮಗ್ಗುಲಲ್ಲಿ ಮಲಗಿಸಿ ಬೆರಳುಗಾತ್ರದ ಬಾಗುವ ಕೊಳವೆಯನ್ನು ಬಾಯಿಂದ ಇಳಿಸುತ್ತಾರೆ. ಬೇಡವೆಂದು ತಡೆಯುವ ಬದಲು ‘ನುಂಗಿ’ ಎಂದಾಗ ನುಂಗಿಬಿಟ್ಟರೆ ಅರ್ಧ ಕಷ್ಟ ಮುಗಿಯಿತು. ಮುಂದಿನ ಹಲ್ಲಿನಿಂದ 30ರಿಂದ 40 ಸೆಂಟಿಮೀಟರ್ ಒಳಗೆ ತುದಿ ಎಡ ಹೃತ್ಕರ್ಣದ ಬೆನ್ನಿಗೆ ಬಂದು ನಿಲ್ಲುತ್ತದೆ. ಮುಗಿದ ಮೇಲೆ ಗಂಟಲಿನ ಮರಗಟ್ಟುವಿಕೆ ಪೂರ್ತಿ ಹೋಗುವ ತನಕ ಒಂದು ಗುಟುಕು ನೀರೂ ಬೇಡ, ಅದು ಶ್ವಾಸನಾಳಕ್ಕೆ ಜಾರಬಹುದು. ಆ ದಿನ ವಾಹನ ಓಡಿಸಲೂ ಬಾರದು. ನುಂಗಲು ತೊಂದರೆ, ಅನ್ನನಾಳ ಕಿರಿದಾಗಿರುವುದು, ಯಕೃತ್ತಿನ ಕಾಯಿಲೆಯಿಂದ ಅನ್ನನಾಳದಲ್ಲಿ ಊದಿದ ರಕ್ತನಾಳಗಳು, ಹಿಂದೆ ಅಲ್ಲಿ ಆದ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಬಾಯಿಬಿಟ್ಟು ಹೇಳಬೇಕು. ಅನ್ನನಾಳ ತೂತಾಗುವುದು ಬಹಳ ಅಪರೂಪ. ಆದರೆ ಆಗುವುದು ಹೆಚ್ಚಾಗಿ ಇಂಥವರಲ್ಲೇ.

ಈ ಕಿಟಕಿಗೂ ಒಂದು ಕುರುಡು ಮೂಲೆ ಇದೆ. ಏರುವ ಮಹಾಪಧಮನಿಯ ಮೇಲ್ತುದಿ ಮತ್ತು ಅನ್ನನಾಳದ ನಡುವೆ ಗಾಳಿ ತುಂಬಿದ ಶ್ವಾಸನಾಳ ಅಡ್ಡ ಬರುವುದರಿಂದ ಅಷ್ಟು ಜಾಗ ಕಾಣುವುದಿಲ್ಲ.

## ಇಸಿಜಿಯ ಬೆನ್ನ ಹಿಂದೆ ನಡೆಯುವ ಹೃದಯಾಘಾತ

ಇಸಿಜಿ ಎಂದರೆ ಹೃದಯವನ್ನು ಹಲವು ಕೋನಗಳಿಂದ ನೋಡುವ ಕಣ್ಣುಗಳ ಸಾಲು. ಎದೆಯ ಮೇಲಿನ ಆರು ಕಣ್ಣುಗಳಾದ ವಿ1ರಿಂದ ವಿ6, ಮುಂದೆ ಮತ್ತು ಎಡ ಪಕ್ಕದಲ್ಲಿವೆ. ಹಿಂದೆ ಒಂದೂ ಇಲ್ಲ. ಹಿಂದಿನ ಗೋಡೆಗೆ ರಕ್ತ ಕೊಡುವ ಅಪಧಮನಿ ಪೂರ್ತಿ ಮುಚ್ಚಿಕೊಂಡರೂ, ಹೃದಯಾಘಾತದ ಪ್ರಸಿದ್ಧ ಗುರುತಾದ ಎಸ್‌ಟಿ ಏರಿಕೆ (ಇಸಿಜಿ ಗೆರೆಯ ಒಂದೊಂದು ಭಾಗಕ್ಕೆ ಕ್ಯೂ, ಆರ್, ಎಸ್‌ಟಿ, ಟಿ ಎಂದು ಹೆಸರು) ಆ 12 ಸಾಲುಗಳ ಕಾಗದದಲ್ಲಿ ಬಾರದೇ ಇರಬಹುದು.

ಬರುವುದು ಅದರ ಕನ್ನಡಿ ಬಿಂಬ. ಹಿಂದೆ ಏರಿದ್ದು ಮುಂದಿನಿಂದ ನೋಡಿದರೆ ಇಳಿದಂತೆ. ವಿ1ರಿಂದ ವಿ3ರಲ್ಲಿ ಎಸ್‌ಟಿ ಗೆರೆ ಸಮತಟ್ಟಾಗಿ ಕೆಳಗಿಳಿದಿರುತ್ತದೆ, ಟಿ ಅಲೆ ಮೇಲ್ಮುಖವಾಗಿ ನಿಂತಿರುತ್ತದೆ, ಆರ್ ಅಲೆ ಎಂದಿಗಿಂತ ಎತ್ತರವಾಗಿ ಅಗಲವಾಗುತ್ತದೆ. ಈ ಎತ್ತರದ ಆರ್, ಹಿಂಗೋಡೆಯಲ್ಲಿ ಸತ್ತ ಸ್ನಾಯುವಿನ ಕ್ಯೂ ಅಲೆಯ ಬಿಂಬ. ಅದು ಬೆಳೆಯಲು ಗಂಟೆಗಳು ಬೇಕು. ಮೊದಲ ಇಸಿಜಿಯಲ್ಲಿ ಕಾಣಲಿಲ್ಲ ಎಂದು ನಿರಾಳವಾಗುವಂತಿಲ್ಲ.

ಇದನ್ನು ಕಣ್ಣಾರೆ ಕಾಣಲು ಹಳೆಯದೊಂದು ಉಪಾಯ ಇದೆ. ಇಸಿಜಿ ಕಾಗದವನ್ನು ತಲೆಕೆಳಗು ಮಾಡಿ, ಹಿಂಬದಿಯನ್ನು ತಮ್ಮ ಕಡೆ ತಿರುಗಿಸಿ, ಬೆಳಕಿಗೆ ಹಿಡಿದು ವಿ2ನ್ನು ನೋಡುವುದು. ಇಳಿದಿದ್ದ ಎಸ್‌ಟಿ ಈಗ ಏರಿರುತ್ತದೆ, ಎತ್ತರದ ಆರ್ ಆಳವಾದ ಕ್ಯೂ ಆಗಿರುತ್ತದೆ. ಪಾಠದಲ್ಲಿ ಓದಿದ ಹೃದಯಾಘಾತದ ಚಿತ್ರವೇ ಎದುರಿಗೆ ಬಂದು ನಿಲ್ಲುತ್ತದೆ.

ಖಚಿತ ಮಾಡಿಕೊಳ್ಳಲು ಬೆನ್ನಿನ ಇಸಿಜಿ ಬೇಕು. ಹೊಸ ಯಂತ್ರ ಬೇಡ, ಎರಡು ನಿಮಿಷ ಸಾಕು. ವಿ4, ವಿ5, ವಿ6ರ ವೈರುಗಳನ್ನು ಬಿಚ್ಚಿ ಹಿಂದಕ್ಕೆ ಒಯ್ಯಬೇಕು. ವಿ6 ಇದ್ದ ಮಟ್ಟದಲ್ಲೇ, ಕಂಕುಳಿನ ಹಿಂದಿನ ಮಡಿಕೆಯ ನೇರಕ್ಕೆ ವಿ7. ಎಡ ಹೆಗಲೆಲುಬಿನ ಕೆಳತುದಿಯ ನೇರಕ್ಕೆ ವಿ8. ಬೆನ್ನುಮೂಳೆಯ ಎಡ ಅಂಚಿಗೆ ವಿ9. ಮೂರೂ ಒಂದೇ ಅಡ್ಡಗೆರೆಯಲ್ಲಿರಬೇಕು. ಹೆಗಲೆಲುಬಿನ ಓರೆಯನ್ನು ಅನುಸರಿಸಿ ಮೇಲೇರಿಸುವುದು ಪದೇ ಪದೇ ಆಗುವ ತಪ್ಪು. ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. ಯಂತ್ರಕ್ಕೆ ವೈರು ಎಲ್ಲಿದೆಯೆಂದು ಗೊತ್ತಾಗುವುದಿಲ್ಲ, ಅದು ವಿ4, ವಿ5, ವಿ6 ಎಂದೇ ಮುದ್ರಿಸುತ್ತದೆ. ಅದನ್ನು ಪೆನ್ನಿನಿಂದ ಹೊಡೆದುಹಾಕಿ ವಿ7, ವಿ8, ವಿ9 ಎಂದು ಬರೆಯದಿದ್ದರೆ ಮುಂದೆ ನೋಡುವವರು ಬೇರೆಯದೇ ತೀರ್ಮಾನಕ್ಕೆ ಬರುತ್ತಾರೆ.

ಬೆನ್ನಿಗೂ ಹೃದಯಕ್ಕೂ ನಡುವೆ ಶ್ವಾಸಕೋಶ, ದಪ್ಪ ಸ್ನಾಯು ಇರುವುದರಿಂದ ಇಲ್ಲಿ ಅಲೆಗಳು ಚಿಕ್ಕವು. ಹಾಗಾಗಿ ಅರ್ಧ ಮಿಲಿಮೀಟರ್ ಎಸ್‌ಟಿ ಏರಿಕೆಯೂ ಲೆಕ್ಕಕ್ಕೆ ಬರುತ್ತದೆ. 40 ವರ್ಷದೊಳಗಿನ ಗಂಡಸರಲ್ಲಿ ಮಾತ್ರ 1 ಮಿಲಿಮೀಟರ್ ಇರಬೇಕು.

ಇಷ್ಟೊಂದು ತಲೆಕೆಡಿಸಿಕೊಳ್ಳಲು ಕಾರಣ ಚಿಕಿತ್ಸೆಯ ವೇಗ. ಎಸ್‌ಟಿ ಏರಿದ ಹೃದಯಾಘಾತವಾದರೆ, ಸೌಲಭ್ಯವಿರುವ ಆಸ್ಪತ್ರೆಯಲ್ಲಿ 90 ನಿಮಿಷದೊಳಗೆ ಅಪಧಮನಿ ತೆರೆಯುವುದು ಗುರಿ. ಎಸ್‌ಟಿ ಇಳಿದಿದೆ ಎಂದಷ್ಟೇ ಓದಿಕೊಂಡರೆ ರೋಗಿಗೆ ಮಾತ್ರೆ, ಚುಚ್ಚುಮದ್ದು ಕೊಟ್ಟು ನಾಳೆ ಆಂಜಿಯೋಗ್ರಾಮ್ ಎನ್ನುವ ಸಾಧ್ಯತೆ ಇದೆ. ಅಷ್ಟರಲ್ಲಿ ಆ ಗೋಡೆಯ ಸ್ನಾಯು ಸತ್ತಿರುತ್ತದೆ. ಹಾಗೆಂದು ವಿ1ರಲ್ಲಿ ಎತ್ತರದ ಆರ್ ಕಂಡದ್ದೆಲ್ಲ ಹೃದಯಾಘಾತವೂ ಅಲ್ಲ. ಬಲಗಡೆಯ ವಿದ್ಯುತ್ ಕವಲು ಕಟ್ಟಿದ್ದರೆ, ಬಲ ಹೃತ್ಕುಕ್ಷಿ ದಪ್ಪಗಾಗಿದ್ದರೆ, ಹುಟ್ಟಿನಿಂದ ಹೆಚ್ಚುವರಿ ವಿದ್ಯುತ್ ದಾರಿ ಇದ್ದರೆ ಸಹ ಹಾಗೆ ಕಾಣುತ್ತದೆ. ಮಕ್ಕಳಲ್ಲಂತೂ ಅದು ಸಹಜವೇ.

ಹೆಸರಿನ ಗೊಂದಲ ಇಲ್ಲೂ ಇದೆ. ಎಂಆರ್‌ಐ ಚಿತ್ರಗಳಲ್ಲಿ ಹೃದಯದ ನಿಜವಾದ ಓರೆ ಕಂಡ ಮೇಲೆ, ಪೋಸ್ಟೀರಿಯರ್ ಎಂದು ಕರೆಯುತ್ತಿದ್ದ ಗೋಡೆ ವಾಸ್ತವವಾಗಿ ಪಕ್ಕದ್ದು ಅಥವಾ ಅಡಿಯದ್ದು ಎಂದು ಗೊತ್ತಾಯಿತು. 2002ರಲ್ಲಿ ಬಂದ 17 ಭಾಗಗಳ ಹೃದಯ ನಕ್ಷೆ ಆ ಪದವನ್ನೇ ಕೈಬಿಟ್ಟಿತು. ಆದರೂ ರೂಢಿ ಹೋಗಿಲ್ಲ. ಇಸಿಜಿಯಲ್ಲಿ ‘ಪೋಸ್ಟೀರಿಯರ್’ ಎಂದಿದ್ದು ಎಕೋದಲ್ಲಿ ‘ಇನ್ಫೀರೋಲ್ಯಾಟರಲ್’ ಎಂದಿದ್ದರೆ ಎರಡು ಕಡೆ ಹೃದಯಾಘಾತವಾಗಿದೆ ಎಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಅದು ಒಂದೇ ಜಾಗದ ಎರಡು ಹೆಸರು.

## ಯಾರ ಸರದಿಯ ನೀರು?

ಹಿಂಬದಿಗೆ ರಕ್ತ ಕೊಡುವ ಅಪಧಮನಿಗಳು ಎರಡು. ಎಡಗಡೆಯಿಂದ ಸುತ್ತಿ ಬರುವ ಸರ್ಕಮ್‌ಫ್ಲೆಕ್ಸ್, ಬಲಗಡೆಯಿಂದ ಸುತ್ತಿ ಬರುವ ಬಲ ಕರೊನರಿ. ಕ್ರಕ್ಸ್ ಎಂಬ ಚೌಕದಿಂದ ಕೆಳಕ್ಕೆ ಇಳಿಯುವ ಕಾಲುವೆ ಯಾವುದರಿಂದ ಹೊರಡುತ್ತದೋ ಆ ಕಡೆಯದು ‘ಡಾಮಿನೆಂಟ್’. ಹತ್ತರಲ್ಲಿ ಸುಮಾರು ಎಂಟು ಜನರಲ್ಲಿ ಅದು ಬಲಗಡೆಯದು, ಉಳಿದವರಲ್ಲಿ ಎಡ ಅಥವಾ ಎರಡೂ. ಆಂಜಿಯೋಗ್ರಾಮ್ ರಿಪೋರ್ಟಿನಲ್ಲಿ ‘ರೈಟ್ ಡಾಮಿನೆಂಟ್’ ಎಂದಿದ್ದರೆ ಅದು ಕಾಯಿಲೆ ಅಲ್ಲ, ಬರೀ ನಕ್ಷೆ.

ಕೋಣೆಗಳ ನಡುವೆ ವಿದ್ಯುತ್ ದಾಟಿಸುವ ಎವಿ ನೋಡ್‌ಗೂ ರಕ್ತ ಹೋಗುವುದು ಹೆಚ್ಚಾಗಿ ಇದೇ ಚೌಕದಿಂದ. ಹಾಗಾಗಿ ಬಲ ಕರೊನರಿ ಮುಚ್ಚಿದಾಗ ನಾಡಿ 40ಕ್ಕೆ ಇಳಿದು ಕಣ್ಣು ಕತ್ತಲೆ ಬರುವುದುಂಟು. ಹೃದಯದ ಅಡಿಭಾಗದ ಆಘಾತದಲ್ಲಿ ವಾಂತಿ, ಹೊಟ್ಟೆಯ ಮೇಲ್ಭಾಗದ ನೋವು ಎದೆನೋವಿಗಿಂತ ಮುಂದೆ ನಿಲ್ಲಬಹುದು. ಗ್ಯಾಸ್ ಎಂದು ಮನೆಯಲ್ಲೇ ಕೂತವರ ಕಥೆಗಳಲ್ಲಿ ಎಷ್ಟೋ ಇಂಥವು.

ಇನ್ನೊಂದು ಅಪಾಯ ತಡವಾಗಿ ಬರುತ್ತದೆ. ಮೈಟ್ರಲ್ ಕವಾಟದ ಹಗ್ಗಗಳನ್ನು ಹಿಡಿದಿರುವ ಎರಡು ಸ್ನಾಯುಗೂಟಗಳಲ್ಲಿ ಮುಂದಿನದಕ್ಕೆ ಸಾಮಾನ್ಯವಾಗಿ ಎರಡು ಅಪಧಮನಿಗಳಿಂದ ರಕ್ತ ಬರುತ್ತದೆ, ಹಿಂದಿನದಕ್ಕೆ ಒಂದರಿಂದ ಮಾತ್ರ. ಆ ಒಂದು ಮುಚ್ಚಿದರೆ ಗೂಟ ಕೊಳೆತು ಮುರಿಯಬಹುದು, ಹೆಚ್ಚಾಗಿ ಆಘಾತವಾದ ಮೊದಲ ವಾರದೊಳಗೆ. ಸುಧಾರಿಸುತ್ತಿದ್ದ ರೋಗಿಗೆ ನಿಂತನಿಂತಂತೆ ಉಸಿರು ಕಟ್ಟಿ, ಶ್ವಾಸಕೋಶ ತುಂಬಿಕೊಳ್ಳುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ, ಗಂಟೆಗಳ ಲೆಕ್ಕದಲ್ಲಿ.

## ಅಭಿಧಮನಿಯ ಬಾಯಲ್ಲಿ ಹುಟ್ಟುವ ಗಲಿಬಿಲಿ

ಅಂಗಿಯ ತೋಳಿನ ಮಾತಿಗೆ ಮರಳೋಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹಾಯ್ಸಗೇರ್ ಮತ್ತು ಸಂಗಡಿಗರು 45 ರೋಗಿಗಳಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಹೊತ್ತಿಸುವ ಕಿಡಿ ಎಲ್ಲಿಂದ ಬರುತ್ತದೆ ಎಂದು ಹುಡುಕಿ 1998ರಲ್ಲಿ ಪ್ರಕಟಿಸಿದರು. ಸಿಕ್ಕ ಕಿಡಿಗಳಲ್ಲಿ 94% ಶ್ವಾಸಕೋಶದ ಅಭಿಧಮನಿಗಳೊಳಗಿನ ಆ ಸ್ನಾಯುತೋಳುಗಳಲ್ಲಿದ್ದವು. ಅಲ್ಲಿಂದ ಚಿಕಿತ್ಸೆಯ ಗುರಿ ಸ್ಪಷ್ಟವಾಯಿತು: ಪ್ರತಿ ಅಭಿಧಮನಿಯ ಬಾಯಿಯ ಸುತ್ತ ಗಾಯದ ಬಳೆ ಹಾಕಿ, ಕಿಡಿ ಹೃತ್ಕರ್ಣಕ್ಕೆ ಹಾರದಂತೆ ತಡೆಯುವುದು.

ತೊಡೆಸಂದಿನ ಅಭಿಧಮನಿಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಏರಿಸಿ ಬಲ ಹೃತ್ಕರ್ಣ ತಲುಪಿ, ನಡುಗೋಡೆಯ ತೆಳು ಭಾಗವನ್ನು ಸೂಜಿಯಿಂದ ದಾಟಿ ಎಡಕ್ಕೆ ಹೋಗುತ್ತಾರೆ. ಸೂಜಿ ಹೆಚ್ಚು ಹಿಂದಕ್ಕೆ ಜಾರಿದರೆ ಹೃತ್ಕರ್ಣದ ಹಿಂಗೋಡೆಯನ್ನೇ ತೂತು ಮಾಡಿ ಹೃದಯಾವರಣಕ್ಕೆ ರಕ್ತ ಸೋರುತ್ತದೆ. ಬಳೆ ಹಾಕಲು ಶಾಖ ಅಥವಾ ಅತಿಶೀತ ಬಳಸುತ್ತಾರೆ. ಕಷ್ಟ ಇರುವುದು ಹಿಂಗೋಡೆಯ ಮೇಲೆ. ಗೋಡೆ 2 ಮಿಲಿಮೀಟರ್, ಅದರಾಚೆ ಅನ್ನನಾಳ. ಗೋಡೆಯನ್ನು ಪೂರ್ತಿ ಸುಡಬೇಕು, ಅದರಾಚೆಯದನ್ನು ಮುಟ್ಟಲೂ ಬಾರದು. ಅದಕ್ಕೇ ಇಲ್ಲಿ ಶಕ್ತಿ ಇಳಿಸುತ್ತಾರೆ, ಅವಧಿ ಕಡಿಮೆ ಮಾಡುತ್ತಾರೆ, ಅನ್ನನಾಳದಲ್ಲಿ ತಾಪಮಾಪಕ ಇಟ್ಟು ಬಿಸಿ ಏರಿದ ಕೂಡಲೇ ನಿಲ್ಲಿಸುತ್ತಾರೆ. ಅನ್ನನಾಳದ ಮೇಲಿನ ವೇಗಸ್ ನರದ ಎಳೆಗಳಿಗೆ ಬಿಸಿ ತಾಗಿದರೆ ಹೊಟ್ಟೆ ಖಾಲಿಯಾಗದೆ ಉಬ್ಬರ ಬರುತ್ತದೆ. ಬಲಗಡೆ ಮೇಲಿನ ಅಭಿಧಮನಿಯ ಪಕ್ಕದಲ್ಲಿ ವಪೆಯ ನರ ಹಾದುಹೋಗುವುದರಿಂದ, ಶೀತದ ಬಲೂನ್ ಬಳಸುವಾಗ ಅದು ಮರಗಟ್ಟದಂತೆ ಪ್ರತಿ ಕ್ಷಣ ವಪೆಯ ಮಿಡಿತ ಪರೀಕ್ಷಿಸುತ್ತಿರುತ್ತಾರೆ.

ತೀರಾ ಅಪರೂಪಕ್ಕೆ ಅನ್ನನಾಳ ಮತ್ತು ಹೃತ್ಕರ್ಣದ ನಡುವೆ ತೂತು ಬೀಳುತ್ತದೆ. ಅದು ಆ ದಿನ ಗೊತ್ತಾಗುವುದಿಲ್ಲ. ಸುಟ್ಟ ಅಂಗಾಂಶ ನಿಧಾನಕ್ಕೆ ಕರಗಿ, ಸಾಮಾನ್ಯವಾಗಿ ಒಂದರಿಂದ ಆರು ವಾರಗಳ ನಡುವೆ ತೆರೆದುಕೊಳ್ಳುತ್ತದೆ. ಜ್ವರ, ಎದೆನೋವು, ನುಂಗುವಾಗ ನೋವು, ಆಮೇಲೆ ಮಾತು ತೊದಲುವುದು, ಕೈಕಾಲು ಸೋಲುವುದು. ಹೃತ್ಕರ್ಣಕ್ಕೆ ನುಗ್ಗಿದ ಗಾಳಿ, ಆಹಾರದ ಕಣ, ಸೋಂಕು ಮಿದುಳಿಗೆ ಹೋಗುವುದರಿಂದ ಹೀಗೆ. ಆರಂಭದಲ್ಲೇ ಹೇಳಿದ ಡಿಸ್ಚಾರ್ಜ್ ಸಮ್ಮರಿಯ ಸಾಲು ಇದಕ್ಕಾಗಿ. ಇಂಥ ಲಕ್ಷಣ ಬಂದು ಬೇರೆ ಆಸ್ಪತ್ರೆಗೆ ಹೋದರೆ ಮೊದಲ ಮಾತಾಗಿ ಅಬ್ಲೇಶನ್ ಆದ ದಿನಾಂಕ ಹೇಳಬೇಕು. ನುಂಗಲು ಕಷ್ಟ ಎಂದೊಡನೆ ಎಂಡೋಸ್ಕೋಪಿ ಮಾಡುವುದು ವಾಡಿಕೆ. ಇಲ್ಲಿ ಅದು ಮಾರಕ, ಏಕೆಂದರೆ ಎಂಡೋಸ್ಕೋಪಿಯಲ್ಲಿ ಊದುವ ಗಾಳಿ ತೂತಿನ ಮೂಲಕ ನೇರ ರಕ್ತಕ್ಕೆ ಸೇರುತ್ತದೆ. ಮಾಡಬೇಕಾದ್ದು ಎದೆಯ ಸಿ.ಟಿ. ಸ್ಕ್ಯಾನ್.

ಈಚೆಗೆ ಶಾಖದ ಬದಲು ಮೈಕ್ರೋಸೆಕೆಂಡುಗಳ ವಿದ್ಯುತ್ ಮಿಡಿತ ಬಳಸುವ ವಿಧಾನ ಬಂದಿದೆ. ಅದು ಜೀವಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತದೆ, ಹೃದಯದ ಸ್ನಾಯು ಇದಕ್ಕೆ ಅನ್ನನಾಳಕ್ಕಿಂತ ಬೇಗ ಬಲಿಯಾಗುತ್ತದೆ. ಅನ್ನನಾಳದ ಭಯ ಇದರಿಂದ ಬಹಳ ತಗ್ಗಿದೆ. ಆದರೆ ಹತ್ತಿರದ ಕರೊನರಿ ಅಪಧಮನಿ ಸೆಟೆದುಕೊಳ್ಳುವುದು, ಕೆಂಪು ರಕ್ತಕಣ ಒಡೆಯುವುದು ಇದರದ್ದೇ ತೊಂದರೆಗಳು.

## ಕರೊನರಿ ಸೈನಸ್ ಎಂಬ ಹಿಂಬಾಗಿಲು

ಹೃದಯ ಸೋತ ಕೆಲವರಲ್ಲಿ ಎಡ ಹೃತ್ಕುಕ್ಷಿಯ ಪಕ್ಕದ ಗೋಡೆ ತಡವಾಗಿ ಸಂಕುಚಿಸುತ್ತದೆ. ಅದನ್ನು ಸಮಯಕ್ಕೆ ಎಬ್ಬಿಸಲು ವಿಶೇಷ ಪೇಸ್‌ಮೇಕರ್ ಬೇಕು, ತಂತಿ ಎಡ ಹೃತ್ಕುಕ್ಷಿಯನ್ನು ಮುಟ್ಟಬೇಕು. ಎಡಗಡೆಯ ಕೋಣೆಯೊಳಗೇ ತಂತಿ ಬಿಟ್ಟರೆ ಅದರ ಮೇಲೆ ಹೆಪ್ಪುಗಟ್ಟಿ ಮಿದುಳಿಗೆ ಹೋದೀತು. ಆದ್ದರಿಂದ ಸುತ್ತು ದಾರಿ: ಕೊರಳೆಲುಬಿನ ಕೆಳಗಿನ ಅಭಿಧಮನಿಯಿಂದ ಬಲ ಹೃತ್ಕರ್ಣ, ಅಲ್ಲಿಂದ ಕರೊನರಿ ಸೈನಸ್ಸಿನ ಬಾಯಿ, ಅದರೊಳಗೆ ಹಿಮ್ಮುಖವಾಗಿ ಸಾಗಿ ಪಕ್ಕದ ಗೋಡೆಯ ಕವಲು.

ಎಡವುವ ಜಾಗಗಳು ಹಲವು. ಬಾಯಲ್ಲಿ ಕವಾಟದಂಥ ಪರದೆ ಅಡ್ಡ ಬರಬಹುದು, ಬೇಕಾದ ಕಡೆ ಕವಲೇ ಇಲ್ಲದಿರಬಹುದು. ತಂತಿ ವಪೆಯ ನರದ ಪಕ್ಕ ಕೂತರೆ ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂತೆ ಹೊಟ್ಟೆ ಎಗರುತ್ತದೆ, ಕೆಲವೊಮ್ಮೆ ಎಡಕ್ಕೆ ಹೊರಳಿ ಮಲಗಿದಾಗ ಮಾತ್ರ. ಈಗಿನ ತಂತಿಗಳಲ್ಲಿ ನಾಲ್ಕು ವಿದ್ಯುತ್ ತುದಿಗಳಿರುವುದರಿಂದ ಎಷ್ಟೋ ಸಲ ಮತ್ತೆ ಕತ್ತರಿಸದೆ, ಹೊರಗಿನ ಪ್ರೋಗ್ರಾಮರ್ ಯಂತ್ರದಿಂದಲೇ ಬೇರೆ ತುದಿ ಆರಿಸಿ ಇದನ್ನು ನಿಲ್ಲಿಸಬಹುದು.

## ಹಿಂದೆ ನಿಂತ ನೀರು

ಹೃದಯಾವರಣದಲ್ಲಿ ಸಹಜವಾಗಿ 15ರಿಂದ 50 ಮಿಲಿಲೀಟರ್ ದ್ರವ ಇರುತ್ತದೆ. ಹೆಚ್ಚಾದಾಗ, ಮಲಗಿದ ರೋಗಿಯಲ್ಲಿ ಮೊದಲು ನಿಲ್ಲುವುದು ಹಿಂದೆ. ಎಕೋದಲ್ಲಿ ಹಿಂದೆ ಕಂಡ ಕಪ್ಪು ಪಟ್ಟಿ ಹೃದಯಾವರಣದ್ದೋ ಎಡ ಶ್ವಾಸಕೋಶದ ಸುತ್ತಿನದ್ದೋ ಎಂಬ ಪ್ರಶ್ನೆಗೆ ಇಳಿಯುವ ಮಹಾಪಧಮನಿಯೇ ಸಾಕ್ಷಿ. ದ್ರವ ಮಹಾಪಧಮನಿಯ ಮುಂದೆ ಹಾದರೆ ಹೃದಯಾವರಣದ್ದು, ಹಿಂದೆ ಹೋದರೆ ಶ್ವಾಸಕೋಶದ್ದು.

ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ ಓರೆ ಜೇಬಿನಲ್ಲಿ ರಕ್ತ ಹೆಪ್ಪುಗಟ್ಟಿ ಎಡ ಹೃತ್ಕರ್ಣವನ್ನೊಂದೇ ಅಮುಕಬಹುದು. ರಕ್ತದೊತ್ತಡ ಇಳಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮುಂದಿನಿಂದ ಮಾಡಿದ ಎಕೋ ಮಾತ್ರ ಎಲ್ಲ ಸರಿ ಎನ್ನುತ್ತದೆ. ಅಂಥಲ್ಲಿ ಮತ್ತೆ ಟಿಇಇ ಅಥವಾ ಸಿ.ಟಿ. ಬೇಕು. ಈ ದ್ರವಕ್ಕೆ ಹೊರದಾರಿ ಕೊಡಲು ಶಸ್ತ್ರಚಿಕಿತ್ಸೆಯ ವೇಳೆಯೇ ಹೃದಯಾವರಣದ ಹಿಂಬದಿಯಲ್ಲಿ ಸೀಳು ಬಿಟ್ಟು ನೋಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಸೀಳು ಬಿಟ್ಟವರಲ್ಲಿ 17% ಜನಕ್ಕೆ, ಬಿಡದವರಲ್ಲಿ 32% ಜನಕ್ಕೆ ನಂತರ ಏಟ್ರಿಯಲ್ ಫಿಬ್ರಿಲೇಶನ್ ಬಂತು.

## ಬೆನ್ನುಮೂಳೆಯ ಆಸರೆ

ಹೃದಯ ನಿಂತವರಿಗೆ ಎದೆ ಒತ್ತುವಾಗ ನಡೆಯುವುದು ಎದೆಮೂಳೆ ಮತ್ತು ಬೆನ್ನುಮೂಳೆಯ ನಡುವೆ ಹೃದಯವನ್ನು ಹಿಂಡುವ ಕೆಲಸ. ಮೆತ್ತನೆ ಹಾಸಿಗೆಯ ಮೇಲೆ ಒತ್ತಿದರೆ ಬೆನ್ನೂ ಜೊತೆಗೆ ಕೆಳಗಿಳಿದು ಹಿಂಡಿಕೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಸಾಧ್ಯವಾದರೆ ಗಟ್ಟಿ ನೆಲ, ಆಸ್ಪತ್ರೆಯ ಮಂಚವಾದರೆ ಬೆನ್ನ ಕೆಳಗೆ ಹಲಗೆ. ದೊಡ್ಡವರಲ್ಲಿ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಶಾಕ್ ಕೊಡುವ ಪ್ಯಾಡುಗಳನ್ನು ಎದೆಯ ಮುಂದೊಂದು, ಎಡ ಹೆಗಲೆಲುಬಿನ ಕೆಳಗೊಂದು ಅಂಟಿಸುವ ಕ್ರಮವೂ ಇದೆ. ಹಾಗೆ ಅಂಟಿಸಿದಾಗ ವಿದ್ಯುತ್ತು ಮುಂದಿನಿಂದ ಹಿಂದಕ್ಕೆ, ಎಡ ಹೃತ್ಕರ್ಣವನ್ನು ಹಾದೇ ಹೋಗುತ್ತದೆ.